ಟೋಪಿಯ ಮೇಲಿನ ಹಕ್ಕಿ, ಮರದ ಮೇಲಿನ ಹಕ್ಕಿ

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ವಸಂತದ ವಲಸೆ ಹಾಗೂ ಹಕ್ಕಿ ನೋಡುವ ನಡಿಗೆಯ ಇತಿಹಾಸವನ್ನು ಕುರಿತ ಉಪನ್ಯಾಸದ ಪಠ್ಯ

ಹಕ್ಕಿಗಳನ್ನು ಎಣಿಸಬೇಕೆಂದರೆ ಜನ ಕಾಡಿಗೆ ಹೋಗುತ್ತಾರೆ, ಇಲ್ಲವೇ ಕೆರೆಯ ಏರಿಯ ಮೇಲೆ ನಿಲ್ಲುತ್ತಾರೆ. 1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ 21ರ ತರುಣ ಹಕ್ಕಿ ಎಣಿಸಲು ಹೋದದ್ದು ನ್ಯೂಯಾರ್ಕ್ ನಗರದ ಅಂಗಡಿ ಬೀದಿಗೆ. ಆಗ ಆತ ಬ್ಯಾಂಕೊಂದರ ನೌಕರ. ಎರಡು ಮಧ್ಯಾಹ್ನ ಬೀದಿಯಲ್ಲಿ ಅಡ್ಡಾಡುತ್ತ, ಎದುರಿಗೆ ಬಂದ ಹೆಂಗಸರ ಟೋಪಿಗಳನ್ನು ನೋಡಿ ಲೆಕ್ಕ ಹಾಕಿಕೊಂಡ. ಒಟ್ಟು 700 ಟೋಪಿಗಳು. ಅವುಗಳಲ್ಲಿ 542ರ ಮೇಲೆ ಹಕ್ಕಿಯ ಪುಕ್ಕಗಳಿದ್ದವು. ಕೆಲವು ಟೋಪಿಗಳ ಮೇಲಂತೂ ಒಣಗಿಸಿ, ಒಳಗೆ ತುಂಬಿ ನಿಲ್ಲಿಸಿದ ಇಡೀ ಹಕ್ಕಿಯೇ ಕುಳಿತಿತ್ತು. ಹೀಗೆ ಆತ ಗುರುತಿಸಿದ್ದು 40 ಜಾತಿಯ ಹಕ್ಕಿಗಳನ್ನು. ಮರಕುಟಿಗವಿತ್ತು, ಕಡಲಹಕ್ಕಿಯಿತ್ತು, ಪುಟ್ಟದೊಂದು ಗೂಬೆಯೂ ಇತ್ತು. ಈ ಪಟ್ಟಿಯನ್ನು ಆತ ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಎಂಬ ಪತ್ರಿಕೆಗೆ ಬರೆದು ಕಳಿಸಿದ. ಅದು ಅಚ್ಚಾಯಿತು.

ಇಂದು ಅದೇ ನಗರದ ಮಧ್ಯದಲ್ಲಿರುವ ಸೆಂಟ್ರಲ್ ಪಾರ್ಕಿಗೆ ಮೇ ತಿಂಗಳ ಮುಂಜಾನೆ ಹೋದವರಿಗೆ ಕಾಣುವ ನೋಟವೇ ಬೇರೆ. ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಹತ್ತಿಪ್ಪತ್ತು ಜನ ಒಂದು ಓಕ್ ಮರದ ಕೆಳಗೆ ಕತ್ತೆತ್ತಿ ನಿಂತಿರುತ್ತಾರೆ. ಮುಂದೆ ನಿಂತವರೊಬ್ಬರು ಕೊಂಬೆಯತ್ತ ಕೈ ತೋರಿಸುತ್ತಾರೆ. ಮಿಕ್ಕವರು ಉಸಿರು ಬಿಗಿಹಿಡಿದು ನೋಡುತ್ತಾರೆ. ಅಂದು ಟೋಪಿಯ ಮೇಲಿದ್ದ ಜಾತಿಯದೇ ಹಕ್ಕಿ ಇಂದು ಮರದ ಮೇಲಿದೆ, ಜೀವಂತವಾಗಿದೆ.

ಈ ಎರಡು ನೋಟಗಳ ನಡುವಿನ ಅಂತರ ಸುಮಾರು ನೂರನಲವತ್ತು ವರ್ಷ. ಅದು ಹಕ್ಕಿಗಳ ಕಥೆ ಹೇಗೋ ಹಾಗೆಯೇ ಹಕ್ಕಿಗಳನ್ನು ನೋಡುವ ಕಣ್ಣಿನ ಕಥೆ. ಮುಂಜಾನೆ ಎದ್ದು ಹಕ್ಕಿ ನೋಡಲು ಹೋಗುವುದು ಹೊತ್ತು ಹೋಗದವರ ಹವ್ಯಾಸ ಎಂದು ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ನೋಡುವುದರಿಂದ, ನೋಡಿದ್ದನ್ನು ಬರೆದಿಡುವುದರಿಂದ ಏನಾದರೂ ಉಳಿದೀತೇ? ಈ ಪ್ರಶ್ನೆಗೆ ಸೆಂಟ್ರಲ್ ಪಾರ್ಕಿನ ಇತಿಹಾಸದಲ್ಲಿ ಒಂದು ಉತ್ತರವಿದೆ.

ಕಲ್ಲಿನ ನಡುವೆ ಹಸಿರು

ಸೆಂಟ್ರಲ್ ಪಾರ್ಕ್ ಮ್ಯಾನ್‌ಹಟನ್ ದ್ವೀಪದ ನಡುವೆ ನಾಲ್ಕು ಕಿಲೋಮೀಟರ್ ಉದ್ದಕ್ಕೂ ಮುಕ್ಕಾಲು ಕಿಲೋಮೀಟರಿಗಿಂತ ತುಸು ಹೆಚ್ಚು ಅಗಲಕ್ಕೂ ಚಾಚಿಕೊಂಡಿದೆ. ವಿಸ್ತೀರ್ಣ 843 ಎಕರೆ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆ ಎಂಬುದನ್ನು ನೆನೆದರೆ ಅಳತೆ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಮೂರೂವರೆ ಲಾಲ್‌ಬಾಗ್‌ಗಳಷ್ಟು ಜಾಗ. ನೋಡಿದವರು ಇದು ನಗರ ಬೆಳೆಯುವಾಗ ಉಳಿದುಕೊಂಡ ಹಳೆಯ ಕಾಡು ಎಂದುಕೊಳ್ಳುವುದುಂಟು. ಅದು ನಿಜವಲ್ಲ. ಇಲ್ಲಿದ್ದದ್ದು ಬಂಡೆ, ಜವುಗು ಮತ್ತು ಕೆಲವು ಬಡಾವಣೆಗಳು. ಅವುಗಳಲ್ಲಿ ಸೆನೆಕಾ ವಿಲೇಜ್ ಎಂಬುದು ಕರಿಯ ಜನ ಸ್ವಂತ ಭೂಮಿ ಕೊಂಡು ಕಟ್ಟಿಕೊಂಡಿದ್ದ ಊರು. ಉದ್ಯಾನಕ್ಕಾಗಿ 1857ರಲ್ಲಿ ಅದನ್ನು ತೆರವು ಮಾಡಲಾಯಿತು. ಮರುವರ್ಷ ನಡೆದ ಸ್ಪರ್ಧೆಯಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಅವರ ನಕ್ಷೆ ಆಯ್ಕೆಯಾಯಿತು. ಅಲ್ಲಿಂದ ಮುಂದೆ ಮಣ್ಣು ತುಂಬಿ, ಬಂಡೆ ಸಿಡಿಸಿ, ಲಕ್ಷಗಟ್ಟಲೆ ಗಿಡ ನೆಟ್ಟು ಉದ್ಯಾನ ಮಾಡಿದರು. ಅಲ್ಲಿನ ಕೆರೆಗಳೆಲ್ಲ ಮನುಷ್ಯರು ಮಾಡಿದವು.

ಉದ್ಯಾನದ ನಡುವೆ ಸುಮಾರು 36 ಎಕರೆಯ ಒಂದು ಭಾಗಕ್ಕೆ ರ‍್ಯಾಂಬಲ್ ಎಂದು ಹೆಸರು. ಗೊತ್ತುಗುರಿಯಿಲ್ಲದೆ ಸುತ್ತಾಡುವುದು ಎಂದು ಆ ಮಾತಿನ ಅರ್ಥ. ಅಂಕುಡೊಂಕಾದ ಕಾಲುದಾರಿ, ಒತ್ತಾದ ಮರ, ಪೊದೆ, ಒಂದು ಪುಟ್ಟ ತೊರೆ. ನೋಡುವವರಿಗೆ ಬೆಟ್ಟದ ಝರಿಯಂತೆ ಕಾಣುವ ಆ ತೊರೆಗೆ ಬರುವುದು ನಗರದ ಕೊಳವೆ ನೀರು. ಓಮ್‌ಸ್ಟೆಡ್ ಮತ್ತು ವಾಕ್ಸ್ ಇದನ್ನು ಮಾಡಿದ್ದು ಮನುಷ್ಯರ ಕಣ್ಣಿಗೆ. ಆದರೆ ನೆಟ್ಟ ಮರ, ಕೊಳವೆಯ ನೀರು ಎಂಬ ಭೇದ ಹಕ್ಕಿಗಳಿಗೆ ಇಲ್ಲ. ಅವುಗಳಿಗೆ ಬೇಕಾದದ್ದು ಹುಳು, ನೀರು, ಮರೆ. ಆ ಮೂರೂ ಇಲ್ಲಿ ಸಿಕ್ಕವು. ಈ ಉದ್ಯಾನದಲ್ಲಿ ಇದುವರೆಗೆ ದಾಖಲಾದ ಹಕ್ಕಿ ಜಾತಿಗಳ ಸಂಖ್ಯೆ 270ನ್ನು ದಾಟುತ್ತದೆ. ಅವುಗಳಲ್ಲಿ ಬಹುಪಾಲು ಅಲ್ಲಿ ನೆಲೆಸಿದವಲ್ಲ. ಬಂದು, ತಂಗಿ, ಹೋಗುವ ಅತಿಥಿಗಳು.

ಇರುಳಿನ ಪ್ರಯಾಣಿಕರು

ಈ ಅತಿಥಿಗಳು ಬರುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಉತ್ತರ ಅಮೆರಿಕದ ಪೂರ್ವ ಕರಾವಳಿಯ ಉದ್ದಕ್ಕೂ ಹಕ್ಕಿಗಳ ಒಂದು ಹೆದ್ದಾರಿಯಿದೆ. ಚಳಿಗಾಲವನ್ನು ದಕ್ಷಿಣ ಅಮೆರಿಕ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳಲ್ಲಿ ಕಳೆದ ಹಕ್ಕಿಗಳು ವಸಂತದಲ್ಲಿ ಗೂಡು ಕಟ್ಟಲು ಉತ್ತರದ ಕಾಡುಗಳಿಗೆ ಮರಳುತ್ತವೆ. ನ್ಯೂಯಾರ್ಕ್ ಇರುವುದು ಆ ಹೆದ್ದಾರಿಯ ಮೇಲೆಯೇ.

ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಪ್ರಯಾಣ ಮಾಡುವುದು ರಾತ್ರಿ. ಇರುಳಿನ ಗಾಳಿ ತಂಪು; ರೆಕ್ಕೆ ಬಡಿದು ಕಾದ ಮೈ ಬೇಗ ತಣಿಯುತ್ತದೆ. ಗಾಳಿ ಹಗಲಿಗಿಂತ ಶಾಂತವಾಗಿರುತ್ತದೆ. ಡೇಗೆಯ ಭಯ ಕಡಿಮೆ. ಹಗಲನ್ನು ಹೊಟ್ಟೆ ತುಂಬಿಸಿಕೊಳ್ಳಲು ಉಳಿಸಿಕೊಳ್ಳಬಹುದು. ದಾರಿ ತೋರಿಸಲು ನಕ್ಷತ್ರಗಳಿವೆ. ಇದು ಕವಿಯ ಮಾತಲ್ಲ. 1960ರ ದಶಕದಲ್ಲಿ ಸ್ಟೀಫನ್ ಎಮ್ಲೆನ್ ಎಂಬ ವಿಜ್ಞಾನಿ ಇಂಡಿಗೊ ಬಂಟಿಂಗ್ ಎಂಬ ನೀಲಿ ಹಕ್ಕಿಗಳನ್ನು ತಾರಾಲಯದೊಳಗೆ ಇಟ್ಟು ಪರೀಕ್ಷಿಸಿದರು. ಹಕ್ಕಿಯನ್ನು ಲಾಳಿಕೆಯಾಕಾರದ ಪಂಜರದಲ್ಲಿ ಬಿಟ್ಟು, ತಳದಲ್ಲಿ ಶಾಯಿಯ ಮೆತ್ತೆ, ಸುತ್ತ ಕಾಗದ ಇಟ್ಟರು. ಹಕ್ಕಿ ಹಾರಲು ಹವಣಿಸಿದ ದಿಕ್ಕಿನಲ್ಲಿ ಕಾಗದದ ಮೇಲೆ ಶಾಯಿಯ ಹೆಜ್ಜೆ ಮೂಡಿತು. ಮೇಲೆ ತೋರಿಸಿದ ಕೃತಕ ಆಕಾಶವನ್ನು ತಿರುಗಿಸಿದಾಗ ಹಕ್ಕಿಗಳ ದಿಕ್ಕೂ ತಿರುಗಿತು. ಇಡೀ ಆಕಾಶ ಯಾವ ಬಿಂದುವಿನ ಸುತ್ತ ಸುತ್ತುತ್ತದೆಯೋ ಅದನ್ನು ಮರಿಹಕ್ಕಿಗಳು ನೋಡಿ ಕಲಿಯುತ್ತವೆ ಎಂದು ಇದರಿಂದ ತಿಳಿಯಿತು. ಧ್ರುವನಕ್ಷತ್ರವನ್ನು ನಂಬಿ ಹಡಗು ನಡೆಸಿದವರು ಮನುಷ್ಯರು ಮಾತ್ರವೇ ಅಲ್ಲ.

ಏಪ್ರಿಲ್ ಕೊನೆ, ಮೇ ಮೊದಲ ಭಾಗದ ಯಾವುದಾದರೂ ರಾತ್ರಿ ನೈಋತ್ಯದಿಂದ ಬೆಚ್ಚನೆಯ ಗಾಳಿ ಬೀಸಿತೆಂದರೆ ಹಕ್ಕಿಗಳಿಗೆ ಬೆನ್ನ ಹಿಂದಿನಿಂದ ನೂಕಿದಂತೆ. ಸಾವಿರಾರು, ಕೆಲವು ರಾತ್ರಿ ಲಕ್ಷಾಂತರ ಹಕ್ಕಿಗಳು ಒಟ್ಟಿಗೆ ಹೊರಡುತ್ತವೆ. ಮಳೆ, ಬಿರುಗಾಳಿ ನೋಡಲೆಂದು ಇಟ್ಟ ಹವಾಮಾನ ರೇಡಾರಿನ ಪರದೆಯಲ್ಲಿ ಈ ಗುಂಪುಗಳು ಮೋಡದಂತೆ ಕಾಣಿಸುತ್ತವೆ. ಬೆಳಕು ಹರಿಯುವ ಹೊತ್ತಿಗೆ ಕೆಳಗೆ ಇಳಿಯಲೇಬೇಕು. ಕೆಳಗೆ ನೋಡಿದರೆ ಎಲ್ಲೆಲ್ಲೂ ಡಾಂಬರು, ಕಾಂಕ್ರೀಟು, ತಾರಸಿ. ನಡುವೆ ಒಂದೇ ಒಂದು ಉದ್ದನೆಯ ಹಸಿರು ಪಟ್ಟಿ. ಸುತ್ತಲ ಹತ್ತಾರು ಕಿಲೋಮೀಟರಿಗೆ ಹಂಚಿಹೋಗಬೇಕಾಗಿದ್ದ ಹಕ್ಕಿಗಳೆಲ್ಲ ಆ ಪಟ್ಟಿಗೇ ಬಂದು ಬೀಳುತ್ತವೆ. ದಟ್ಟ ಕಾಡಿನಲ್ಲಿ ಇಡೀ ದಿನ ಅಲೆದರೂ ಸಿಗದಷ್ಟು ಬಗೆಯ ಹಕ್ಕಿಗಳು ಈ ಉದ್ಯಾನದಲ್ಲಿ ಒಂದು ಮುಂಜಾನೆ ಸಿಗುವುದಕ್ಕೆ ಕಾರಣ ಇದೇ.

ವಸಂತದ ಮುಖ್ಯ ಆಕರ್ಷಣೆ ವಾರ್ಬ್ಲರ್‌ಗಳು. ನಮ್ಮಲ್ಲಿ ಉಲಿಯಕ್ಕಿ ಎಂದು ಕರೆಯುವ ಹಕ್ಕಿಗಳಿಗೂ ಇವುಗಳಿಗೂ ಇಂಗ್ಲಿಷ್ ಹೆಸರು ಒಂದೇ, ಕುಟುಂಬ ಬೇರೆ. ನಮ್ಮ ಉಲಿಯಕ್ಕಿಗಳು ಮಾಸಲು ಹಸಿರು, ಕಂದು. ಅಮೆರಿಕದವು ವಸಂತದಲ್ಲಿ ಹಳದಿ, ಕಿತ್ತಳೆ, ನೀಲಿ, ಕಪ್ಪು ಬಿಳಿ ಪಟ್ಟೆಗಳಿಂದ ಮಿಂಚುತ್ತವೆ. ಸೆಂಟ್ರಲ್ ಪಾರ್ಕಿನಲ್ಲಿ 30ಕ್ಕೂ ಹೆಚ್ಚು ಜಾತಿಯ ವಾರ್ಬ್ಲರ್‌ಗಳು ಕಂಡಿವೆ. ಓಕ್ ಮರಗಳು ಹೂ ಬಿಟ್ಟು, ಎಳೆ ಎಲೆಗಳಲ್ಲಿ ಸಣ್ಣ ಕಂಬಳಿಹುಳುಗಳು ತುಂಬಿರುವ ಹೊತ್ತಿಗೇ ಅವು ಬರುತ್ತವೆ. ಒಂದೊಂದು ಜಾತಿಗೂ ಒಂದೊಂದು ವಾರ. ಏಪ್ರಿಲ್ ಮೊದಲಿಗೆ ಪೈನ್ ಮತ್ತು ಪಾಮ್ ವಾರ್ಬ್ಲರ್‌ಗಳು. ಮೇ ನಡುವಿಗೆ ಸಂತೆ. ಮೇ ಕೊನೆಗೆ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಬಂದರೆ ಹಬ್ಬ ಮುಗಿಯುತ್ತ ಬಂತೆಂದು ಲೆಕ್ಕ. ಈ ಹಕ್ಕಿಯ ತೂಕ ಸುಮಾರು 12 ಗ್ರಾಂ, ಎಂದರೆ ಮೂರು ಟೀ ಚಮಚ ಸಕ್ಕರೆಯಷ್ಟು. ಶರತ್ಕಾಲದಲ್ಲಿ ದಕ್ಷಿಣಕ್ಕೆ ಹೋಗುವಾಗ ಇದು ಅಟ್ಲಾಂಟಿಕ್ ಸಾಗರದ ಮೇಲೆ ಎರಡು ಮೂರು ದಿನ ಎಲ್ಲೂ ಇಳಿಯದೆ 2,000 ಕಿಲೋಮೀಟರಿಗೂ ಮಿಕ್ಕಿ ಹಾರುತ್ತದೆ ಎಂಬುದು 2015ರಲ್ಲಿ ಪ್ರಕಟವಾದ ಅಧ್ಯಯನದಿಂದ ಸಾಬೀತಾಯಿತು. ಅದರ ಬೆನ್ನಿಗೆ ಕಟ್ಟಿದ್ದ ಅತಿ ಸಣ್ಣ ಉಪಕರಣ ಈ ಸಾಕ್ಷ್ಯ ಹೇಳಿತು.

ನಮ್ಮ ನಾಡಿನಲ್ಲಿ ವಸಂತದ ಲೆಕ್ಕ ತಿರುಗುಮುರುಗು. ಅಲ್ಲಿ ಬರುವ ಕಾಲ, ಇಲ್ಲಿ ಹೊರಡುವ ಕಾಲ. ಯುಗಾದಿಯ ಆಸುಪಾಸಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಲು ಹೊರಟಿರುತ್ತವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದರಿಂದ ಅವುಗಳ ತವರು ಯಾವುದೆಂದು ತಿಳಿಯಿತು. ಕೊರಳಪಟ್ಟಿಯ ಸಂಖ್ಯೆಯನ್ನು ಏರಿಯ ಮೇಲೆ ನಿಂತು ಓದಿ ಬರೆದುಕೊಂಡವರು ಇಲ್ಲದಿದ್ದರೆ ಅದು ತಿಳಿಯುತ್ತಿರಲಿಲ್ಲ.

ಕೋವಿಯಿಂದ ದುರ್ಬೀನಿಗೆ

ಮತ್ತೆ 1886ಕ್ಕೆ ಬರೋಣ. ಆ ಕಾಲದಲ್ಲಿ ಹಕ್ಕಿಯನ್ನು ತಿಳಿಯುವುದು ಎಂದರೆ ಹೊಡೆದು ಕೆಡಹಿ, ಕೈಯಲ್ಲಿ ಹಿಡಿದು ನೋಡುವುದು. ಪಂಡಿತರ ಕೈಯಲ್ಲೂ ಕೋವಿಯಿತ್ತು, ವ್ಯಾಪಾರಿಗಳ ಕೈಯಲ್ಲೂ ಕೋವಿಯಿತ್ತು. ಬೆಳ್ಳಕ್ಕಿಗಳು ಮರಿ ಮಾಡುವ ಕಾಲದಲ್ಲಿ ಮಾತ್ರ ಬೆನ್ನ ಮೇಲೆ ನವುರಾದ ಉದ್ದ ಗರಿ ಬಿಡುತ್ತವೆ. ಆ ಗರಿಗೆ ಚಿನ್ನದ ಬೆಲೆ ಬಂದದ್ದರಿಂದ ಫ್ಲಾರಿಡಾದಲ್ಲಿ ಗೂಡಿನ ಮೇಲಿದ್ದ ಹಕ್ಕಿಗಳನ್ನೇ ಕೊಂದರು. ಮರಿಗಳು ಗೂಡಿನಲ್ಲಿ ಹಸಿದು ಸತ್ತವು.

ಚಾಪ್‌ಮನ್ ಟೋಪಿ ಎಣಿಸಿದ ವರ್ಷವೇ ಇನ್ನೆರಡು ಕೆಲಸಗಳು ನಡೆದವು. ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಪತ್ರಿಕೆಯ ಸಂಪಾದಕ ಜಾರ್ಜ್ ಬರ್ಡ್ ಗ್ರಿನೆಲ್ ಹಕ್ಕಿಗಳ ರಕ್ಷಣೆಗೆಂದು ಮೊದಲ ಆಡುಬನ್ ಸಂಘವನ್ನು ಸ್ಥಾಪಿಸಿದರು. ಮೆಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನಲ್ಲಿ ಫ್ಲಾರೆನ್ಸ್ ಮೆರಿಯಮ್ ಎಂಬ ವಿದ್ಯಾರ್ಥಿನಿ ಗೆಳತಿಯರನ್ನು ಕಟ್ಟಿಕೊಂಡು ಹಕ್ಕಿ ನೋಡುವ ನಡಿಗೆ ಶುರುಮಾಡಿದಳು. ಪ್ರಕೃತಿ ಲೇಖಕ ಜಾನ್ ಬರೋಸ್ ಅಲ್ಲಿಗೆ ಬಂದು ಆ ಹುಡುಗಿಯರನ್ನು ಕಾಡಿಗೆ ಕರೆದೊಯ್ದರು. ಟೋಪಿ ತೊಡುವ ವಯಸ್ಸಿನ ಆ ಹುಡುಗಿಯರಿಗೆ ಉಪದೇಶ ಮಾಡುವ ಬದಲು ಜೀವಂತ ಹಕ್ಕಿಯನ್ನು ತೋರಿಸಿಬಿಟ್ಟರೆ ಸಾಕು, ಟೋಪಿಯ ಹಕ್ಕಿ ತಾನಾಗಿ ಬೇಡವಾಗುತ್ತದೆ ಎಂಬುದು ಮೆರಿಯಮ್ ಕಂಡುಕೊಂಡ ಉಪಾಯ. ನಾಟಕ ನೋಡುವ ಪುಟ್ಟ ದುರ್ಬೀನಿನಿಂದ ಹಕ್ಕಿ ನೋಡುವುದು ಹೇಗೆಂದು ಆಕೆ 1889ರಲ್ಲಿ ಒಂದು ಪುಸ್ತಕವನ್ನೇ ಬರೆದಳು.

1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಎಂಬ ಇಬ್ಬರು ಮಹಿಳೆಯರು ಊರಿನ ಸಿರಿವಂತ ಮನೆತನದ ಹೆಂಗಸರನ್ನು ಚಹಾಕ್ಕೆ ಕರೆದು, ಗರಿಯ ಟೋಪಿ ತೊಡುವುದಿಲ್ಲವೆಂದು ಒಪ್ಪಿಸತೊಡಗಿದರು. ಗ್ರಿನೆಲ್ ಅವರ ಸಂಘ ಕೆಲವೇ ವರ್ಷಗಳಲ್ಲಿ ನಿಂತುಹೋಗಿತ್ತು. ಈ ಮಹಿಳೆಯರು ಕಟ್ಟಿದ ಚಳವಳಿ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು.

ಕಾನೂನುಗಳು ಒಂದರ ಹಿಂದೆ ಒಂದು ಬಂದವು. ಒಂದು ರಾಜ್ಯದಲ್ಲಿ ಕಾನೂನು ಮೀರಿ ಕೊಂದ ಹಕ್ಕಿಯನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಬಾರದೆಂದು 1900ರ ಲೇಸಿ ಕಾಯ್ದೆ ಹೇಳಿತು. ಭಾರತದಿಂದಲೂ ಆಗ ಗರಿಗಳು ಲಂಡನ್ ಮಾರುಕಟ್ಟೆಗೆ ಹೋಗುತ್ತಿದ್ದವು. 1902ರಲ್ಲಿ ಇಲ್ಲಿನ ಬ್ರಿಟಿಷ್ ಸರ್ಕಾರ ಆ ರಫ್ತನ್ನು ನಿಷೇಧಿಸಿತು. 1910ರಲ್ಲಿ ನ್ಯೂಯಾರ್ಕ್ ರಾಜ್ಯ ತನ್ನ ಕಾಡುಹಕ್ಕಿಗಳ ಗರಿ ಮಾರಾಟವನ್ನು ತಡೆಯಿತು. 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಕೊನೆಯ ಪ್ಯಾಸೆಂಜರ್ ಪಾರಿವಾಳ ಸತ್ತಿತು. ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚಿ ಹಾರುತ್ತಿದ್ದ ಜಾತಿ ಅದು. ವಲಸೆ ಹಕ್ಕಿಗೆ ಗಡಿಯಿಲ್ಲವಾದ್ದರಿಂದ ಒಂದು ದೇಶದ ಕಾನೂನು ಸಾಲದು ಎಂಬ ತಿಳಿವಳಿಕೆ ಬಂದು, 1916ರಲ್ಲಿ ಅಮೆರಿಕ ಮತ್ತು ಕೆನಡಾದ ಪರವಾಗಿ ಬ್ರಿಟನ್ ಒಪ್ಪಂದ ಮಾಡಿಕೊಂಡವು. ಅದರ ಆಧಾರದ ಮೇಲೆ 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ ಜಾರಿಯಾಯಿತು.

ಬ್ಯಾಂಕು ಬಿಟ್ಟು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಸೇರಿದ್ದ ಚಾಪ್‌ಮನ್ ಈ ನಡುವೆ ಇನ್ನೊಂದು ಕೆಲಸ ಮಾಡಿದ್ದರು. ಕ್ರಿಸ್‌ಮಸ್ ದಿನ ಗುಂಪು ಕಟ್ಟಿಕೊಂಡು, ಯಾರು ಹೆಚ್ಚು ಪ್ರಾಣಿಪಕ್ಷಿ ಕೊಲ್ಲುತ್ತಾರೋ ನೋಡೋಣ ಎಂದು ಪಂದ್ಯ ಕಟ್ಟುವ ಬೇಟೆಯ ರೂಢಿಯಿತ್ತು. ಅದರ ಬದಲು ಹಕ್ಕಿಗಳನ್ನು ಎಣಿಸಿ ಬರೆಯಿರಿ ಎಂದು ಅವರು 1900ರಲ್ಲಿ ಕರೆ ಕೊಟ್ಟರು. ಮೊದಲ ವರ್ಷ 25 ಕಡೆ 27 ಜನ ಎಣಿಸಿದರು. ಆ ಸ್ಥಳಗಳಲ್ಲಿ ಸೆಂಟ್ರಲ್ ಪಾರ್ಕೂ ಒಂದು. ಆ ಎಣಿಕೆ ಇಂದಿಗೂ ಪ್ರತಿವರ್ಷ ನಡೆಯುತ್ತಿದೆ. 1934ರಲ್ಲಿ ರೋಜರ್ ಟೋರಿ ಪೀಟರ್ಸನ್ ಅವರ ಕೈಪಿಡಿ ಬಂದಿತು. ಯಾವ ಹಕ್ಕಿಯಲ್ಲಿ ಯಾವ ಗುರುತು ನೋಡಬೇಕೆಂದು ಚಿತ್ರದ ಮೇಲೆ ಸಣ್ಣ ಗೆರೆ ಎಳೆದು ತೋರಿಸಿದ ಪುಸ್ತಕ ಅದು. ನಮ್ಮಲ್ಲಿ ಸಲೀಂ ಅಲಿಯವರ ಪುಸ್ತಕ 1941ರಲ್ಲಿ ಬಂದು ಇದೇ ಕೆಲಸ ಮಾಡಿತು. ಕೋವಿಯ ಅಗತ್ಯ ಅಲ್ಲಿಗೆ ಮುಗಿಯಿತು.

ದಾರಿ ತೋರುವವರು

ಪುಸ್ತಕ ಇದ್ದರೂ ಹೊಸಬರಿಗೆ ಹಕ್ಕಿ ಕಾಣುವುದಿಲ್ಲ. ಎಲೆಗಳ ನಡುವೆ ಅಲುಗುವ ಒಂದು ನೆರಳು ಕಾಣುತ್ತದೆ ಅಷ್ಟೆ. ಅದಕ್ಕೇ ಜೊತೆಯಲ್ಲಿ ಬಲ್ಲವರೊಬ್ಬರು ಬೇಕು. ಸೆಂಟ್ರಲ್ ಪಾರ್ಕಿನಲ್ಲಿ ಇಂಥ ನಡಿಗೆಗಳಿಗೆ ದೊಡ್ಡ ಪರಂಪರೆಯಿದೆ. ಉದ್ಯಾನದ ಪಕ್ಕದಲ್ಲೇ ಇರುವ ಮ್ಯೂಸಿಯಂನ ಪರವಾಗಿ ಫರೀಡಾ ವೈಲಿ ಎಂಬ ಶಿಕ್ಷಕಿ ದಶಕಗಳ ಕಾಲ ಮುಂಜಾನೆಯ ನಡಿಗೆ ನಡೆಸಿದರು. ಅವರ ನಂತರದ ತಲೆಮಾರಿನಲ್ಲಿ ಸ್ಟಾರ್ ಸಫೀರ್ ಎಂಬ ಮಹಿಳೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ವಸಂತ, ಶರತ್ಕಾಲಗಳಲ್ಲಿ ವಾರಕ್ಕೆ ಹಲವು ದಿನ ಜನರನ್ನು ಕರೆದೊಯ್ದರು. ತಲೆಗೆ ಎಂಟು ಡಾಲರ್ ಶುಲ್ಕ. ಕ್ಯಾನ್ಸರ್ ತಗುಲಿದ ಮೇಲೂ ಅವರು ನಡಿಗೆ ನಿಲ್ಲಿಸಲಿಲ್ಲ. 2013ರಲ್ಲಿ ಅವರು ತೀರಿಕೊಂಡಾಗ ಅವರಿಂದ ಮೊದಲ ಹಕ್ಕಿ ನೋಡಿದವರ ಸಂಖ್ಯೆ ಲೆಕ್ಕಕ್ಕೆ ಸಿಗದಷ್ಟಿತ್ತು.

ನಡಿಗೆಯ ಕ್ರಮ ಸರಳ. ಬೆಳಕು ಹರಿದ ಕೂಡಲೇ ಸೇರುತ್ತಾರೆ. ರಾತ್ರಿಯಿಡೀ ಹಾರಿ ಹಸಿದ ಹಕ್ಕಿಗಳು ಆಗಲೇ ಹೆಚ್ಚು ಚುರುಕು. ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬಲ್ಲವರು ಮೊದಲು ಕಿವಿಗೊಡುತ್ತಾರೆ, ಆಮೇಲೆ ಕಣ್ಣು ಹಾಯಿಸುತ್ತಾರೆ. ಮರವನ್ನು ಗಡಿಯಾರದ ಮುಖವೆಂದು ಭಾವಿಸಿ, ‘ಎರಡು ಗಂಟೆಯ ಜಾಗದಲ್ಲಿ, ಒಣಕೊಂಬೆಯ ಮೇಲೆ’ ಎಂದು ಗುರುತು ಹೇಳುತ್ತಾರೆ. ಕಂಡವರು ಕಾಣದವರಿಗೆ ಜಾಗ ಬಿಡುತ್ತಾರೆ. ವಾರ್ಬ್ಲರ್‌ಗಳು ಮರದ ತುದಿಯಲ್ಲೇ ಇರುವುದರಿಂದ ಎರಡು ಗಂಟೆ ಕಳೆಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಅದಕ್ಕೆ ಅಲ್ಲಿಯವರು ‘ವಾರ್ಬ್ಲರ್ ಕತ್ತು’ ಎಂದೇ ಹೆಸರಿಟ್ಟಿದ್ದಾರೆ. ಉದ್ಯಾನದ ದೋಣಿಮನೆಯಲ್ಲಿ ಹಿಂದೆ ಒಂದು ಪುಸ್ತಕ ಇಟ್ಟಿರುತ್ತಿದ್ದರು. ಅಂದು ಕಂಡ ಹಕ್ಕಿ, ಕಂಡ ಜಾಗ, ಹೊತ್ತು ಇವನ್ನು ಯಾರು ಬೇಕಾದರೂ ಅದರಲ್ಲಿ ಬರೆಯಬಹುದಿತ್ತು; ಮುಂದೆ ಬಂದವರು ಅದನ್ನು ಓದಿ ಆ ಜಾಗಕ್ಕೆ ಹೋಗುತ್ತಿದ್ದರು. ಈಗ ಆ ಕೆಲಸವನ್ನು ಕೈಯಲ್ಲಿರುವ ಫೋನು ಮಾಡುತ್ತದೆ.

2018ರ ಮೇ ತಿಂಗಳಲ್ಲಿ ಹಾಗೆಯೇ ಒಂದು ಸುದ್ದಿ ಹಬ್ಬಿತು. ಕರ್ಟ್‌ಲ್ಯಾಂಡ್ಸ್ ವಾರ್ಬ್ಲರ್ ಸೆಂಟ್ರಲ್ ಪಾರ್ಕಿನಲ್ಲಿದೆ! ಬಹಾಮಾಸ್ ದ್ವೀಪಗಳಲ್ಲಿ ಚಳಿಗಾಲ ಕಳೆದು, ಮುಖ್ಯವಾಗಿ ಮಿಶಿಗನ್ ರಾಜ್ಯದ ಎಳೆಯ ಜ್ಯಾಕ್ ಪೈನ್ ಮರಗಳ ಬುಡದಲ್ಲಿ ಮಾತ್ರ ಗೂಡು ಕಟ್ಟುವ ಹಕ್ಕಿ ಅದು. 1974ರಲ್ಲೂ 1987ರಲ್ಲೂ ಎಣಿಸಿದಾಗ ಹಾಡುವ ಗಂಡುಗಳು ಸಿಕ್ಕಿದ್ದು 167 ಮಾತ್ರ. ದಾರಿ ತಪ್ಪಿ ಬಂದ ಈ ಅತಿಥಿಯನ್ನು ನೋಡಲು ಜನ ಕಚೇರಿ ಬಿಟ್ಟು ಓಡಿಬಂದರು. ಸೆಂಟ್ರಲ್ ಪಾರ್ಕಿನಲ್ಲಿ ಅದು ಅಂಥ ಮೊದಲ ದಾಖಲೆ. ದಶಕಗಳ ಆರೈಕೆಯಿಂದ ಚೇತರಿಸಿಕೊಂಡ ಆ ಜಾತಿಯನ್ನು 2019ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ತೆಗೆದರು.

ಇಂಥ ನಡಿಗೆಗಳ ಪರಿಚಯ ಬೆಂಗಳೂರಿಗೂ ಇದೆ. 1970ರ ದಶಕದಲ್ಲಿ ಹುಟ್ಟಿದ ಇಲ್ಲಿನ ಪಕ್ಷಿವೀಕ್ಷಕರ ಕ್ಲಬ್ಬು ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ವಾಡಿಕೆ ಬೆಳೆಸಿತು. ಗಾಜಿನಮನೆಯ ಬಳಿ ಸೇರಿ, ಕೆರೆಯತ್ತ ನಡೆದು, ಕಂಡದ್ದನ್ನು ಪಟ್ಟಿ ಮಾಡುವ ಈ ಕ್ರಮದಲ್ಲಿ ಪಳಗಿದವರು ಅನೇಕರು. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಓದಿ ದುರ್ಬೀನು ಕೊಂಡ ಕನ್ನಡಿಗರೂ ಕಡಿಮೆಯಿಲ್ಲ.

ರ‍್ಯಾಂಬಲ್ ಉಳಿದ ಬಗೆ

ನೋಡುವವರ ಗುಂಪೊಂದು ಇದ್ದರೆ ಆಗುವ ಪ್ರಯೋಜನ 1955ರಲ್ಲಿ ಕಂಡಿತು. ಆಗ ನ್ಯೂಯಾರ್ಕಿನ ಉದ್ಯಾನಗಳ ಆಯುಕ್ತರಾಗಿದ್ದವರು ರಾಬರ್ಟ್ ಮೋಸೆಸ್. ಸೇತುವೆ, ಹೆದ್ದಾರಿ, ಕಟ್ಟಡ ಏನನ್ನು ಕಟ್ಟಬೇಕೆಂದರೂ ಕಟ್ಟಿಯೇ ತೀರುತ್ತಿದ್ದ ಪ್ರಬಲ ವ್ಯಕ್ತಿ. ರ‍್ಯಾಂಬಲ್ಲಿನ ಒಂದು ಭಾಗವನ್ನು ಸಮತಟ್ಟು ಮಾಡಿ ವಯಸ್ಸಾದವರಿಗೆ ಮನರಂಜನಾ ಕೇಂದ್ರ ಕಟ್ಟುವ ಯೋಜನೆಯನ್ನು ಅವರು ತಂದರು. ಲಾಸ್ಕರ್ ಪ್ರತಿಷ್ಠಾನ ಅದಕ್ಕೆ ಎರಡೂವರೆ ಲಕ್ಷ ಡಾಲರ್ ಕೊಡಲು ಮುಂದೆ ಬಂದಿತ್ತು. ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳುವಂತಿರಲಿಲ್ಲ.

ವಿರೋಧ ಎದ್ದದ್ದು ದುರ್ಬೀನು ಹಿಡಿದವರಿಂದ. ಖಾಲಿ ಬಿದ್ದ ಪೊದೆಯೆಂದು ನಕ್ಷೆಯಲ್ಲಿ ಕಾಣುವ ಜಾಗ ವಲಸೆ ಹಕ್ಕಿಗಳ ತಂಗುದಾಣ ಎಂದು ಅವರು ಹೇಳಿದರು. ಹೇಳಲು ಅವರ ಬಳಿ ಆಧಾರವಿತ್ತು. ಯಾವ ತಿಂಗಳು ಯಾವ ಹಕ್ಕಿ ಅಲ್ಲಿ ಇಳಿಯುತ್ತದೆ ಎಂಬ ವರ್ಷಾನುಗಟ್ಟಲೆಯ ಪಟ್ಟಿಗಳಿದ್ದವು. ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಕೊನೆಗೆ ಪ್ರತಿಷ್ಠಾನ ಹಣ ಹಿಂತೆಗೆದುಕೊಂಡಿತು, ಯೋಜನೆ ಬಿದ್ದುಹೋಯಿತು. ಮೋಸೆಸ್ ಅವರಂಥವರು ಹಿಂದೆ ಸರಿದ ಅಪರೂಪದ ಪ್ರಸಂಗಗಳಲ್ಲಿ ಇದೊಂದು. ಇಂದು ಮೇ ತಿಂಗಳಲ್ಲಿ ಅಲ್ಲಿ ಕತ್ತೆತ್ತಿ ನಿಲ್ಲುವವರಿಗೆ ನಿಲ್ಲಲು ಜಾಗ ಇರುವುದು ಅಂದು ಬರೆದಿಟ್ಟ ಆ ಪಟ್ಟಿಗಳಿಂದ.

ನೋಡುವ ಹಕ್ಕು ಎಲ್ಲರಿಗೂ ಒಂದೇ ಬಗೆಯಲ್ಲಿ ದಕ್ಕಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2020ರ ಮೇ 25ರಂದು ಇದೇ ರ‍್ಯಾಂಬಲ್‌ನಲ್ಲಿ ಹಕ್ಕಿ ನೋಡುತ್ತಿದ್ದ ಕ್ರಿಶ್ಚಿಯನ್ ಕೂಪರ್ ಎಂಬ ಕರಿಯ ವ್ಯಕ್ತಿ, ನಿಯಮದಂತೆ ನಾಯಿಯನ್ನು ಹಗ್ಗದಲ್ಲಿ ಕಟ್ಟಿಕೊಳ್ಳಿ ಎಂದು ಬಿಳಿಯ ಮಹಿಳೆಯೊಬ್ಬರಿಗೆ ಹೇಳಿದರು. ಆಕೆ ಪೊಲೀಸರಿಗೆ ಫೋನು ಮಾಡಿ, ಕರಿಯನೊಬ್ಬ ತನ್ನನ್ನು ಬೆದರಿಸುತ್ತಿದ್ದಾನೆ ಎಂದು ದೂರಿದರು. ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತದ್ದೂ ಅದೇ ದಿನ. ಒಂದು ವಾರದೊಳಗೆ ಕರಿಯ ಪಕ್ಷಿವೀಕ್ಷಕರ ಸಪ್ತಾಹವೆಂಬ ಕಾರ್ಯಕ್ರಮ ಶುರುವಾಯಿತು. ಹಕ್ಕಿಗಳ ಚಿತ್ರ ಬರೆದು ಹೆಸರಾದ ಆಡುಬನ್ ಗುಲಾಮರನ್ನು ಇಟ್ಟುಕೊಂಡಿದ್ದವರು ಎಂಬ ಚರ್ಚೆ ಜೋರಾಗಿ, ನ್ಯೂಯಾರ್ಕ್ ನಗರದ ಆಡುಬನ್ ಸಂಘ 2024ರಲ್ಲಿ ಆ ಹೆಸರನ್ನೇ ಬಿಟ್ಟು ಎನ್‌ವೈಸಿ ಬರ್ಡ್ ಅಲೈಯನ್ಸ್ ಎಂದು ಕರೆದುಕೊಂಡಿತು. ಸೆನೆಕಾ ವಿಲೇಜನ್ನು ತೆರವು ಮಾಡಿದ ನೆಲದಲ್ಲಿ ಈ ಪ್ರಶ್ನೆ ಏಳಬೇಕಾದದ್ದೇ.

ಗಾಜಿನ ಗೋಡೆ

ಹಾಗಾದರೆ ಹಕ್ಕಿ ಗೆದ್ದಿತೇ? ಟೋಪಿಯ ಕಾಲ ಮುಗಿದರೂ ಸಾವು ಮುಗಿದಿಲ್ಲ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 1970ರಿಂದ ಈಚೆಗೆ ಉತ್ತರ ಅಮೆರಿಕದ ಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಸುಮಾರು 300 ಕೋಟಿ ಕಡಿಮೆಯಾಗಿದೆ. ಎಂದರೆ ನೂರಕ್ಕೆ ಇಪ್ಪತ್ತೊಂಬತ್ತು. ವಾರ್ಬ್ಲರ್‌ಗಳ ಪಾಲೇ 60 ಕೋಟಿಗೂ ಹೆಚ್ಚು. ಈ ಲೆಕ್ಕ ಸಿಕ್ಕಿದ್ದು ಹವಾಮಾನ ರೇಡಾರಿನಿಂದ, ಜೊತೆಗೆ ಕ್ರಿಸ್‌ಮಸ್ ಎಣಿಕೆಯಂಥ ಗಣತಿಗಳಲ್ಲಿ ಸಾಮಾನ್ಯ ಜನ ವರ್ಷಾನುವರ್ಷ ಬರೆದಿಟ್ಟ ಪಟ್ಟಿಗಳಿಂದ.

ಕಾರಣಗಳು ಹಲವು. ಕಾಡು, ಹುಲ್ಲುಗಾವಲು ಕರಗಿವೆ. ಕೀಟನಾಶಕ ಇದೆ, ಬೆಕ್ಕು ಇದೆ. ನಗರದಲ್ಲಿ ಎದ್ದು ಕಾಣುವ ಕಾರಣ ಗಾಜು. ರಾತ್ರಿಯ ದೀಪಗಳು ಹಕ್ಕಿಗಳನ್ನು ದಾರಿಯಿಂದ ಸೆಳೆಯುತ್ತವೆ. ಬೆಳಗಾದ ಮೇಲೆ ಗಾಜಿನಲ್ಲಿ ಮರದ, ಆಕಾಶದ ಪ್ರತಿಬಿಂಬ ಕಂಡು ಅವು ನಿಜವೆಂದು ನುಗ್ಗುತ್ತವೆ. ನ್ಯೂಯಾರ್ಕ್ ನಗರವೊಂದರಲ್ಲೇ ವರ್ಷಕ್ಕೆ 90,000ದಿಂದ 2,30,000 ಹಕ್ಕಿಗಳು ಹೀಗೆ ಸಾಯುತ್ತವೆಂದು ಅಂದಾಜು. ಸಾವಿರಾರು ಕಿಲೋಮೀಟರ್ ಹಾರಿಬಂದು, ಉದ್ಯಾನ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಪ್ರಯಾಣ ಮುಗಿಯುತ್ತದೆ.

ಇಲ್ಲಿಯೂ ಎಣಿಸುವವರೇ ಮುಂದೆ ಬಂದರು. 1997ರಿಂದ ವಲಸೆಯ ಕಾಲದಲ್ಲಿ ಸ್ವಯಂಸೇವಕರು ಬೆಳಗಿನ ಜಾವ ಎದ್ದು, ಕಸ ಗುಡಿಸುವವರು ಬರುವ ಮೊದಲೇ ಕಟ್ಟಡಗಳ ಬುಡದಲ್ಲಿ ಬಿದ್ದ ಹಕ್ಕಿಗಳನ್ನು ಹುಡುಕುತ್ತಿದ್ದಾರೆ. ಸತ್ತವನ್ನು ಚೀಲಕ್ಕೆ ಹಾಕಿ, ಜಾತಿ, ಜಾಗ, ಹೊತ್ತು ಬರೆಯುತ್ತಾರೆ. ಜೀವ ಇದ್ದವನ್ನು ಆರೈಕೆ ಕೇಂದ್ರಕ್ಕೆ ಒಯ್ಯುತ್ತಾರೆ. 2021ರ ಸೆಪ್ಟೆಂಬರ್ 14ರ ಒಂದೇ ಬೆಳಿಗ್ಗೆ, ವರ್ಲ್ಡ್ ಟ್ರೇಡ್ ಸೆಂಟರಿನ ಸುತ್ತ ಸ್ವಯಂಸೇವಕಿಯೊಬ್ಬರಿಗೆ 200ಕ್ಕೂ ಹೆಚ್ಚು ಹಕ್ಕಿಗಳು ಬಿದ್ದಿದ್ದು ಕಂಡವು. ಚಾಪ್‌ಮನ್ ಸತ್ತ ಹಕ್ಕಿಗಳನ್ನು ಎಣಿಸಿದ್ದೂ ಇದೇ ನಗರದ ಬೀದಿಗಳಲ್ಲಿ.

ಆ ಎಣಿಕೆಯಂತೆ ಈ ಎಣಿಕೆಯೂ ಕಾನೂನಿನ ಬಾಗಿಲು ತಟ್ಟಿತು. ನಗರದ ಜಾವಿಟ್ಸ್ ಸಮಾವೇಶ ಕೇಂದ್ರ ಹಿಂದೆ ಹಕ್ಕಿಗಳ ಪಾಲಿಗೆ ಮೃತ್ಯುಕೂಪವಾಗಿತ್ತು. 2014ರಲ್ಲಿ ಮುಗಿದ ದುರಸ್ತಿಯಲ್ಲಿ ಹಳೆಯ ಗಾಜು ತೆಗೆದು, ಸಣ್ಣ ಚುಕ್ಕೆಗಳ ವಿನ್ಯಾಸವಿರುವ ಗಾಜು ಹಾಕಿದರು. ಅಲ್ಲಿ ಸಾಯುವ ಹಕ್ಕಿಗಳ ಸಂಖ್ಯೆ ನೂರಕ್ಕೆ ತೊಂಬತ್ತರಷ್ಟು ಇಳಿಯಿತು. ಇಂಥ ಆಧಾರಗಳನ್ನು ಮುಂದಿಟ್ಟುಕೊಂಡು ನಗರಸಭೆ 2019ರ ಡಿಸೆಂಬರಿನಲ್ಲಿ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. 2021ರ ಜನವರಿಯಿಂದ ಹೊಸ ಕಟ್ಟಡಗಳು ನೆಲದಿಂದ 75 ಅಡಿಯವರೆಗೆ ಬಹುಪಾಲು ಹಕ್ಕಿಗೆ ಕಾಣುವಂಥ ಗಾಜು ಅಥವಾ ಬೇರೆ ಸಾಮಗ್ರಿ ಬಳಸಬೇಕು. 75 ಅಡಿ ಏಕೆಂದರೆ, ಮರಗಳ ಎತ್ತರ ಅಷ್ಟು. ಹಕ್ಕಿಗಳು ಹೆಚ್ಚಾಗಿ ಬಡಿಯುವುದು ಅಲ್ಲಿಯೇ. ಹಳೆಯ ಕಟ್ಟಡಗಳು ಹೆಚ್ಚಾಗಿ ಈ ಕಾನೂನಿನ ಹೊರಗೇ ಉಳಿದಿವೆ. ಕೆಲಸ ಇನ್ನೂ ಬಹಳ ಇದೆ.

ಸೆಪ್ಟೆಂಬರ್ 11ರ ಸ್ಮರಣೆಗೆ ಪ್ರತಿವರ್ಷ ಆಕಾಶಕ್ಕೆ ಹಾಯಿಸುವ ಎರಡು ಬೆಳಕಿನ ಕಂಬಗಳ ವಿಷಯದಲ್ಲೂ ಇದೇ ನಡೆಯಿತು. ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳು ಆ ಬೆಳಕಿನ ಪ್ರಭಾವಕ್ಕೆ ಸಿಕ್ಕಿದವೆಂದು 2017ರ ಅಧ್ಯಯನ ಹೇಳಿತು. ಅದಕ್ಕೂ ಮುಂಚಿನಿಂದಲೇ ಒಂದು ಒಪ್ಪಂದವಿತ್ತು. ಬೆಳಕಿನಲ್ಲಿ ಸುತ್ತುವ ಹಕ್ಕಿಗಳು ಸಾವಿರ ಮುಟ್ಟಿದರೆ ಇಪ್ಪತ್ತು ನಿಮಿಷ ದೀಪ ಆರಿಸುವುದು. ಆರಿಸಿದ ಕೆಲವೇ ನಿಮಿಷಗಳಲ್ಲಿ ಹಕ್ಕಿಗಳು ಚದುರಿ ತಮ್ಮ ದಾರಿ ಹಿಡಿಯುತ್ತವೆ. ಅಷ್ಟು ದೊಡ್ಡ ದುಃಖದ ಸ್ಮಾರಕವೂ ಹಕ್ಕಿಗಳಿಗಾಗಿ ಒಂದು ಗಳಿಗೆ ಕಣ್ಣು ಮುಚ್ಚುತ್ತದೆ. ಸಾವಿರವಾಯಿತೇ ಇಲ್ಲವೇ ಎಂದು ಹೇಳಲು ಆ ರಾತ್ರಿ ಕೆಲವರು ಕತ್ತೆತ್ತಿ ಎಣಿಸುತ್ತ ಕುಳಿತಿರುತ್ತಾರೆ.

ಗೆಳೆಯರೇ, ಬೆಂಗಳೂರಿನಲ್ಲೂ ಗಾಜಿನ ಕಟ್ಟಡಗಳು ಏಳುತ್ತಿವೆ, ಮರಗಳು ಇಳಿಯುತ್ತಿವೆ. ಲಾಲ್‌ಬಾಗಿನ ಮರಗಳಲ್ಲಿ ಚಳಿಗಾಲ ಕಳೆದ ಹತ್ತು ಗ್ರಾಮಿಗಿಂತಲೂ ಹಗುರವಾದ ಹಸಿರು ಉಲಿಯಕ್ಕಿ ಏಪ್ರಿಲ್ ಹೊತ್ತಿಗೆ ಉತ್ತರದ ಹಾದಿ ಹಿಡಿದಿರುತ್ತದೆ. ಯಾವ ದಿನ ಕೊನೆಯ ಬಾರಿ ಅದರ ಉಲಿ ಕೇಳಿತು, ಮತ್ತೆ ಯಾವ ದಿನ ಬಂದಿತು ಎಂದು ಬರೆದಿಡಲು ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಪುಸ್ತಕ, ಒಂದು ಪೆನ್ಸಿಲು, ತಿಂಗಳಿಗೊಂದು ಮುಂಜಾನೆ, ಜೊತೆಗೆ ತೋರಿಸಿಕೊಡುವವರೊಬ್ಬರು ಸಾಕು. ನಾಳೆ ಯಾರಾದರೂ ಆ ಜಾಗದಲ್ಲಿ ಏನೂ ಇಲ್ಲ ಎಂದು ನಕ್ಷೆ ಹರಡಿದಾಗ, ಇದೆ ಎಂದು ಹೇಳುವವರ ಕೈಯಲ್ಲಿ ಆ ಪುಸ್ತಕ ಇರಬೇಕು.